ಮೇಲಿಂದ ನೋಡಿದರೆ ಕಾಣುವುದು

ಹಾಸನದ ಅಂಗಡಿಯೊಂದರಲ್ಲಿ ಇವತ್ತು ಬಣ್ಣದ ಮೀನಿನ ಗಾಜಿನ ತೊಟ್ಟಿ ಕಂಡಾಗ, ಹೊಳೆನರಸೀಪುರದ ನಮ್ಮ ಮನೆಯ ಪಡಸಾಲೆ ನೆನಪಾಯಿತು. ಅಲ್ಲಿ ಚಿಕ್ಕಪ್ಪ ಮೀನು ಸಾಕಿದ್ದರು. ಒಂದು ಮೀನು ಸೊರಗತೊಡಗಿದಾಗ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದರು.

"ಪಕ್ಕದಿಂದ ಗೊತ್ತಾಗಕಿಲ್ಲ ಕಣವ್ವ. ಮೇಲಿಂದ ನೋಡು, ತಲೆ ದಪ್ಪ, ಬೆನ್ನು ಕತ್ತಿಯಂಗೆ. ತಿಂದೂ ತಿಂದೂ ಸಣ್ಣಗಾದ್ರೆ ಒಳಗೆ ರೋಗ ಅದೆ ಅಂತ."

ಅದನ್ನು ಬೇರೆ ಬಾಟಲಿಗೆ ಬಿಟ್ಟು, ಔಷಧಿ ತರಲು ಅವತ್ತೇ ಮೈಸೂರಿನ ಬಸ್ಸು ಹತ್ತಿದರು.

ಒಳಗೆ ಚಿಕ್ಕಮ್ಮ ರವಿಕೆ ಹೊಲಿಯುತ್ತಿದ್ದರು. ಅದೇ ರವಿಕೆಯನ್ನು ಬಿಗಿ ಮಾಡುತ್ತಿದ್ದುದು ಮೂರನೇ ಸಲ. ಅವರು ಒಬ್ಬರೇ ಹೊಸಿಲು ದಾಟುವ ಹಾಗಿರಲಿಲ್ಲ. ಹಿಂದಿನ ವಾರವಷ್ಟೇ ಚಿಕ್ಕಪ್ಪನನ್ನು ಕೇಳಿದ್ದರು, "ನನ್ನೂ ಒಂದ್ಸಲ ಆಸ್ಪತ್ರೆಗೆ ತೋರಿಸ್ರೀ."

"ಎರಡು ಮುದ್ದೆ ಉಣ್ತೀಯ, ನಿಂಗ್ಯಾವ ರೋಗ ಬಂದಾತು?" ಎಂದು ಚಿಕ್ಕಪ್ಪ ನಕ್ಕಿದ್ದರು. ನಾನೂ ನಕ್ಕಿದ್ದೆ.

ಅವತ್ತು ಸೂಜಿಗೆ ದಾರ ಪೋಣಿಸಿಕೊಟ್ಟು, ಚಿಕ್ಕಮ್ಮನ ಹಿಂದೆ ನಿಂತು ಮೇಲಿಂದ ನೋಡಿದೆ. ಬೆನ್ನಿನ ಮೂಳೆ ಒಂದೊಂದೂ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ.

ಮೀನು ಚೇತರಿಸಿಕೊಂಡಿತು. ಮುಂದಿನ ಬೇಸಿಗೆಗೆ ಚಿಕ್ಕಮ್ಮ ಇರಲಿಲ್ಲ.

"ಎಲ್ಲಾ ಚೆನ್ನಾಗ್ ತಿಂತವೆ ಮೇಡಂ" ಎಂದ ಅಂಗಡಿಯವನು.

"ಸ್ವಲ್ಪ ಮುಚ್ಚಳ ತೆಗೀರಿ" ಎಂದೆ.