ಬೀಗದಕ್ಕನಿಗೆ ಅನಿಸಿದ್ದು

ನಾಲ್ಕು ಬೀದಿ ಕೂಡುವಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಉಳಿಯಬೇಕಾದಂಥ ಗೂಡಂಗಡಿ ಬೀಗದಕ್ಕನದು. ಅವಳಿಗೂ ಒಂದು ಹೆಸರಿದ್ದೀತು, ಕರೆದವರಿಲ್ಲ. ಬೀಗ ತೆಗೆದು ಕೀಲಿ ಮಾಡಿಕೊಡುವ ಈ ಕಸುಬು ಗಂಡನಿಗೆ ಒಗ್ಗಲಿಲ್ಲ. ಮಾವನೇ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ ಹಿಡಿದು ಕೀಲಿ ಉಜ್ಜುವುದನ್ನು, ಬಾಗಿದ ಕಂಬಿಯನ್ನು ಬೀಗದೊಳಗೆ ಆಡಿಸಿ ಸದ್ದು ಕೇಳುವುದನ್ನು ಕಲಿಸಿದರು. ಜೊತೆಗೆ ಒಂದು ಕಟ್ಟಳೆ ಹಾಕಿದರು: ಯಾರ ಮನೆಯದೇ ಆಗಲಿ, ನೆರೆಯವರು ಬಂದು ನಿಂತು "ಹೌದು, ತೆಗೀರಿ" ಅನ್ನಬೇಕು. ಅನ್ನದಿದ್ದರೆ ಕಂಬಿ ಚೀಲದಿಂದ ಹೊರಗೆ ಬರಕೂಡದು.

"ನಿನಗೆ ಅನಿಸಿದ್ದನ್ನ ಮನೇಲಿ ಬಿಟ್ಟು ಬಾ ಮಗಾ. ಅಳೋರನ್ನ ನೋಡಿದ್ರೆ ಎಲ್ಲರಿಗೂ ಏನೋ ಒಂದು ಅನಿಸತ್ತೆ," ಅನ್ನುತ್ತಿದ್ದರು.

ಒಂದೇ ಒಂದು ಸಲ ಅವಳು ಅದನ್ನು ಮುರಿದಿದ್ದಳು. ಬೀಗ ಹಾಕಿದ ಮನೆಯೊಂದರ ಮೆಟ್ಟಿಲ ಮೇಲೆ ಕೂತು ಗಳಗಳ ಅಳುತ್ತಿದ್ದವನೊಬ್ಬ, ತಾಯಿ ತೀರಿಕೊಂಡಳು, ಕೀಲಿ ಆಸ್ಪತ್ರೆಯಲ್ಲೇ ಉಳಿಯಿತು ಅಂದ. ಅಕ್ಕನ ಕರುಳು ಕರಗಿತು, ಬಾಗಿಲು ತೆರೆಯಿತು. ನೀರು ಕೊಡುತ್ತೇನೆ ಎಂದು ಒಳಗೆ ಹೋದವನು ಲೋಟ ಹುಡುಕಲು ಮೂರು ಕಪಾಟು ತೆರೆದ. ಆಗಲೂ ಅವಳಿಗೆ ಹೊಳೆಯಲಿಲ್ಲ. ಪಾಪ, ದುಃಖದಲ್ಲಿದ್ದಾನೆ ಅಂದುಕೊಂಡಳು. ಸಂಜೆ ಮನೆಯ ನಿಜವಾದ ಯಜಮಾನ ಬಂದು ಬೀದಿಯಲ್ಲೇ ಬೊಬ್ಬೆ ಹೊಡೆದಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತ್ತು.

ಅಲ್ಲಿಂದ ಮುಂದೆ ಬೀಗಕ್ಕಷ್ಟೇ ಅಲ್ಲ, ಬಾಳಿಗೂ ಮಾವನ ಕಟ್ಟಳೆಯೇ. ತಂಗಿಯ ಮದುವೆಯ ಮಾತು ಬಂದಾಗ ಹುಡುಗನನ್ನು ಕಂಡು ಅವಳಿಗೆ ಇವನು ಬೇಡ ಅನಿಸಿತ್ತು. ಹುಡುಗನ ನೆರೆಮನೆಯವರು ಮಾತ್ರ ಚಿನ್ನದಂಥವನು ಅಂದರು. ಅವರ ಮಾತು ಕೇಳಿದಳು. ಇಪ್ಪತ್ತು ವರ್ಷದಿಂದ ತಂಗಿ ನಗುನಗುತ್ತಲೇ ಇದ್ದಾಳೆ. ಹೀಗಿರುವಾಗ ತನಗೆ ಅನಿಸುವುದಕ್ಕೆ ಏನು ಬೆಲೆ ಎಂದು ಅವಳು ನೆಮ್ಮದಿಯಾಗಿದ್ದಳು.

ಒಂದು ಮಧ್ಯಾಹ್ನ ಟೈಲರು ಓಡಿ ಬಂದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅಕ್ಕಾ, ಬೇಗ ಬನ್ನಿ. ನಮ್ಮಕ್ಕ ನಿನ್ನೆಯಿಂದ ಬಾಗಿಲು ತೆಗೀತಿಲ್ಲ, ಫೋನೂ ಎತ್ತಲ್ಲ."

ಅವನ ಅಕ್ಕ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ಎಲ್ಲರಿಗೂ ನರ್ಸಮ್ಮ. ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ವಾಸ. ಕೆಳಮನೆಯ ಟೀಚರಮ್ಮ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು.

"ತೆಗೀಬೇಡಿ. ಮೊನ್ನೆ ನರ್ಸಮ್ಮನೇ ಹೇಳಿದಾರೆ, ನನ್ನ ತಮ್ಮ ಏನೇ ಹೇಳಲಿ ಬಾಗಿಲು ತೆಗೆಸಬೇಡಿ ಅಂತ."

"ಮೊನ್ನೆ ಜೀವ ಇತ್ತು ಟೀಚರಮ್ಮ! ಇವತ್ತಿನ ಮಾತು ಹೇಳಿ!"

"ಇವತ್ತು ಅವರು ನಂಗೆ ಏನೂ ಹೇಳಿಲ್ಲಪ್ಪ."

ಬೀಗದಕ್ಕ ಬಾಗಿಲಿಗೆ ಕಿವಿಯಿಟ್ಟಳು. ಗೋಡೆ ಗಡಿಯಾರದ ಟಿಕ್‌ಟಿಕ್ ಬಿಟ್ಟರೆ ಒಳಗೆ ಏನೂ ಇಲ್ಲ. ಕಟ್ಟಳೆ ಎದುರಿಗೇ ನಿಂತು ಬೇಡ ಅನ್ನುತ್ತಿತ್ತು. ಆದರೆ ಒಳಗೆ ಏನೋ ಆಗಿದೆ, ತೆಗಿ ಎಂದೇ ಅವಳಿಗೆ ಅನಿಸುತ್ತಿತ್ತು. ಅಂದು ಅಳುವವನ ಮುಂದೆಯೂ ಹೀಗೇ ಆಗಿತ್ತಲ್ಲ? ಅಲ್ಲ, ಅಂದು ಕರಗಿದ್ದು ಬೇರೆ, ಇಂದು ಹೆದರಿದ್ದು ಬೇರೆ. ನಿಜವಾಗಿ ಬೇರೆಯೇ? ಪೊಲೀಸರಿಗೆ ಹೇಳೋಣವೆಂದರೆ ಅವರು ಬರುವಷ್ಟರಲ್ಲಿ ಒಳಗಿನ ಉಸಿರು ಹೋದರೆ?

ಕೈ ಅವಳನ್ನು ಕೇಳದೆಯೇ ಕಂಬಿ ತೆಗೆಯಿತು. ಬೀಗ ಗಟ್ಟಿ, ಕೊನೆಗೆ ಅದರ ನಾಲಿಗೆಯನ್ನೇ ಮುರಿಯಬೇಕಾಯಿತು.

ನರ್ಸಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

"ಬಂದ್ಯಾ ತಮ್ಮಾ? ತೆಗೆದ್ರೆ ನಮ್ಮನೆಗೆ ನಡಿ ಅಂತೀಯ. ತೆಗೀದಿದ್ರೆ ಸತ್ತೆ ಅಂತೀಯ. ನಿಂಗೆ ನನ್ನ ಯಾವ ರೂಪದಲ್ಲಿ ಬೇಕೋ?"

ಟೈಲರು ಬಾಗಿಲಲ್ಲೇ ಕುಸಿದು ಕೂತ. ಟೀಚರಮ್ಮ ಹುಬ್ಬು ಮೇಲೇರಿಸಿದಳು. ಬೀಗದಕ್ಕನ ಮುಖ ಇಂಗು ತಿಂದ ಹಾಗಾಯಿತು.

"ತಪ್ಪಾಯ್ತು ನರ್ಸಮ್ಮ. ಹೊಸ ಬೀಗ ನಾನೇ ಹಾಕಿಕೊಡ್ತೀನಿ."

"ಹಾಕದೆ ಏನು? ಮುರಿದೋರು ನೀವೇ ತಾನೇ?"

ಒಂದು ಗಂಟೆಯಲ್ಲಿ ಹೊಸ ಬೀಗ ಕೂತಿತು. ತಮ್ಮ, ಟೀಚರಮ್ಮ ಇಬ್ಬರೂ ಇಳಿದುಹೋಗಿದ್ದರು. ಮೂರು ಕೀಲಿಗಳಲ್ಲಿ ಎರಡನ್ನು ಎತ್ತಿಟ್ಟುಕೊಂಡ ನರ್ಸಮ್ಮ ಮೂರನೆಯದನ್ನು ಬೀಗದಕ್ಕನ ಕಡೆ ಚಾಚಿದಳು.

"ಇದು ನಿಮ್ಮ ಹತ್ರ ಇರಲಿ."

"ಅಯ್ಯೋ, ಬೀಗ ಮಾಡೋರು ಗಿರಾಕಿ ಕೀಲಿ ಇಟ್ಕೋಬಾರದು ನರ್ಸಮ್ಮ. ಟೀಚರಮ್ಮಂಗೆ ಕೊಡಿ."

"ಅವಳು ನಾನು ಹೇಳಿದ ಹಾಗೇ ಮಾಡ್ತಾಳೆ, ನಾನು ಬಿದ್ದಿದ್ರೂ ಸರಿ. ತಮ್ಮ ಕೆಮ್ಮಿದ್ರೂ ಬಾಗಿಲು ಒಡೀತಾನೆ. ಇವತ್ತು ನಾನು ಚೆನ್ನಾಗೇ ಇದ್ದೆ, ನಿಜ. ಆದ್ರೆ ಬೇಡ ಅಂದ್ರೂ ನೀವು ತೆಗೆದ್ರಲ್ಲ. ಯಾರೋ ಕರೆದ್ರು ಅಂತ ಬರಬೇಡಿ. ನಿಮಗೇ ಅನಿಸಿದ್ರೆ ಬನ್ನಿ."

"ಅನಿಸಿದ್ದು ತಪ್ಪಾಗಿದ್ರೆ?"

"ಬೈತೀನಿ. ಬದುಕಿದ್ರೆ ತಾನೇ ಬೈಯೋದು?"

ತಪ್ಪಿಗೆ ಶಿಕ್ಷೆಯೋ ಬಹುಮಾನವೋ ತಿಳಿಯದ ಆ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬೀಗದಕ್ಕ ಇಳಿದಳು.

ಆಮೇಲೆ ದಿನವೂ ಕೆಲಸದ ಮಧ್ಯೆ ಅರ ನಿಲ್ಲಿಸಿ ತನ್ನ ಎದೆಗೇ ಕಿವಿಗೊಡತೊಡಗಿದಳು. ಇವತ್ತು ಏನಾದರೂ ಅನಿಸುತ್ತಿದೆಯೇ? ಬೆಳಿಗ್ಗೆ ಎಡಗಣ್ಣು ಅದುರಿದ್ದು ಅದೇನಾ, ನಿದ್ದೆಗೆಟ್ಟದ್ದಕ್ಕಾ? ಆರನೇ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ನರ್ಸಮ್ಮನ ಮನೆಯ ಕಡೆ ನಾಲ್ಕು ಹೆಜ್ಜೆ ಹೋದಳು, ನಿಂತಳು, ತಿರುಗಿದಳು, ಮತ್ತೆ ನಿಂತಳು. ಇದು ಅನಿಸಿದ್ದೋ, ಅನಿಸಬೇಕು ಎಂದು ಕಾಯುತ್ತಿದ್ದುದಕ್ಕೆ ಅನಿಸಿದ್ದೋ?

ಬೀಗ ಕೆಟ್ಟ ಸೂಟ್‌ಕೇಸ್ ಹಿಡಿದು ಬಂದವನೊಬ್ಬ ಕೇಳಿದ: "ಏನಕ್ಕಾ, ಹೊರಟ್ರೋ, ಬಂದ್ರೋ?"

"ಅದನ್ನೇ ನೋಡ್ತಾ ಇದೀನಿ ಅಪ್ಪಾ," ಅಂದಳು ಬೀಗದಕ್ಕ. "ಸ್ವಲ್ಪ ತಡಿ."