ಅವ್ವನ ಮಾತ್ರೆಗೆ ನಾನು ಮಾಡಿದ ಚೌಕಾಸಿ

ಕಳೆದ ವರ್ಷ ಶ್ರಾವಣದ ಮೊದಲ ಶನಿವಾರ ನಡೆದದ್ದು ಇದು. ಮತ್ತಿಕೆರೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿಯಿದೆ. ಸೈಕಲ್ಲಿಗೆ ಪ್ಲಾಸ್ಟಿಕ್ ಬಿಂದಿಗೆ ಕಟ್ಟಿಕೊಂಡು ಬೀದಿ ಬೀದಿ ಮಾರಿ ಮೇಲೆ ಬಂದವನು ನಾನು. ಎದುರಿನವರು ಏನು ಹೇಳಿದರೂ ಅರ್ಧ ನಂಬಿ, ಇನ್ನರ್ಧ ಇಳಿಸಿ ಕೇಳುವುದು ನನ್ನ ಅಭ್ಯಾಸ. ಆ ಅಭ್ಯಾಸದಿಂದಲೇ ಅಂಗಡಿ ನಿಂತಿದೆ. ಅದರಿಂದಲೇ ಆ ದಿನ ನಮ್ಮವ್ವ ಹೋಗಿಬಿಡುತ್ತಿದ್ದಳು.

ಅವ್ವನಿಗೆ ಎಂಬತ್ತೊಂಬತ್ತು ವರ್ಷ. ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ದಿನದ ಮೊದಲ ವ್ಯಾಪಾರ ಅವಳ ಕೈಯಿಂದಲೇ ಆಗಬೇಕು. ಬಾಡಿಗೆ ರೂಮಿನವರು ತಟ್ಟೆ ಲೋಟಕ್ಕೆ ಬಂದು ಬೆಲೆ ಜಗ್ಗಿದರೆ, "ಬೋಣಿ ಒತ್ತು ಕಣಪ್ಪ, ಬಾಯ್ ಮುಚ್ಕೊಂಡ್ ತಗೊಂಡೋಗು" ಎಂದು ಗದರುತ್ತಾಳೆ. ಅವರೂ ನಕ್ಕು ಕೊಂಡು ಹೋಗುತ್ತಾರೆ.

ಆಷಾಢದಲ್ಲಿ ಅವಳಿಗೆ ಎದ್ದು ನಿಂತರೆ ತಲೆ ಸುತ್ತತೊಡಗಿತು. ಎರಡು ಸಲ ಬಚ್ಚಲ ಬಾಗಿಲು ಹಿಡಿದುಕೊಂಡು ಬೀಳದೆ ಉಳಿದಳು. ನಮ್ಮ ರಸ್ತೆಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಮೇಡಂ ನಾನು ತಂದಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿಕೊಂಡರು. ಎಂಟು ಬಗೆ ಇದ್ದವು. ಅವ್ವನನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಊಟ ಎಷ್ಟು, ನಿದ್ದೆ ಎಷ್ಟು ಎಂದು ವಿಚಾರಿಸಿದರು. ಆಮೇಲೆ, "ಅಜ್ಜಿ, ನಿಮಗೆ ಏನಾಗ್ಬೇಕು ಅಂತ ಆಸೆ?" ಎಂದರು.

"ನೂರು ವರ್ಷ ಬದುಕ್ಬೇಕು ಮೇಡಂ" ಎಂದು ನಾನು ಬಾಯಿ ಹಾಕಿದೆ.

"ನಿಮ್ಮನ್ನ ಕೇಳ್ಲಿಲ್ಲ ರೀ."

ಅವ್ವ ನಕ್ಕಳು. "ನೂರು ವರ್ಸ ತಗೊಂಡು ಏನ್ ಮಾಡ್ಲವ್ವ? ತಲೆ ತಿರುಗ್ದಂಗೆ ಅಂಗ್ಡಿಗಂಟ ನಡ್ಕೊಂಡೋಗಿ ಬೋಣಿ ಮಾಡುದ್ರೆ ಸಾಕು."

ಮೇಡಂ ಚೀಟಿ ತೆಗೆದುಕೊಂಡು ಗೀಟು ಹೊಡೆಯತೊಡಗಿದರು. ಬಿಪಿ ಮಾತ್ರೆ ಅರ್ಧಕ್ಕೆ ಇಳಿಯಿತು. ಶುಗರ್ ಮಾತ್ರೆ ಆವತ್ತಿನಿಂದಲೇ ಬಂದ್. ರಕ್ತ ತೆಳು ಮಾಡುವುದು, ಕೊಲೆಸ್ಟ್ರಾಲ್‌ದು ಒಂದಾದ ಮೇಲೊಂದು ನಿಲ್ಲಿಸಬೇಕು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಏನ್ ಮೇಡಂ, ವಯಸ್ಸಾಯ್ತು ಅಂತ ಕೈಬಿಡ್ತಾ ಇದ್ದೀರಾ?"

ಅವರು ಪೆನ್ನು ಕೆಳಗಿಟ್ಟರು. "ಕೊಲೆಸ್ಟ್ರಾಲ್ ಮಾತ್ರೆ ಮುಂದ್ಯಾವತ್ತೋ ಬರಬಹುದಾದ ಕಾಯಿಲೆಗೆ. ಅದರ ಲಾಭ ಕಾಣೋಕೆ ವರ್ಷಗಳೇ ಬೇಕು. ತೊಂದರೆ ಮಾತ್ರ ಇವತ್ತೇ ಶುರುವಾಗ್ಬಹುದು. ಇವರಿಗೆ ಹಾರ್ಟ್ ಅಟ್ಯಾಕ್ ಆಗಿಲ್ಲ, ಸ್ಟ್ರೋಕ್ ಆಗಿಲ್ಲ. ಸುಮ್ನೆ ರಕ್ತ ತೆಳು ಮಾಡಿ ಹೊಟ್ಟೇಲಿ ಬ್ಲೀಡಿಂಗ್ ಯಾಕೆ ತರಿಸ್ಬೇಕು? ನೋವಿನ ಮಾತ್ರೆ, ಥೈರಾಯ್ಡ್ ಮಾತ್ರೆ ತೆಗ್ದಿಲ್ಲ ನೋಡಿ, ಅವು ಇವತ್ತಿಗೆ ಬೇಕು."

ನಾನು ಶುಗರ್ ಬರೆದಿಟ್ಟ ಪುಸ್ತಕ ತೆಗೆದೆ. ಖಾಲಿ ಹೊಟ್ಟೆಯಲ್ಲಿ ಎಂಬತ್ತು, ಎಂಬತ್ತೈದು. ಮಗನ ಮಾರ್ಕ್ಸ್ ಕಾರ್ಡ್ ತೋರಿಸುವಂತೆ ತೋರಿಸಿದೆ.

"ನಿಮಗೆ ಖುಷಿ ಕೊಡೋ ಈ ನಂಬರ್ ನೋಡಿದ್ರೆ ನನಗೆ ಭಯ ಆಗುತ್ತೆ" ಎಂದರು. "ಊಟ ಕಮ್ಮಿ ಆಗಿದೆ, ಕಿಡ್ನಿ ನಿಧಾನ ಆಗಿದೆ. ನುಂಗಿದ ಮಾತ್ರೆ ಬೇಗ ಹೊರಗೆ ಹೋಗಲ್ಲ, ಶುಗರ್ ತೀರಾ ಇಳಿದುಬಿಡುತ್ತೆ."

"ಹಂಗಾದ್ರೆ ಬೇರೆ ಎರಡು ತೆಗೀರಿ ಮೇಡಂ, ಶುಗರ್‌ದೊಂದು ಇರ್ಲಿ."

"ಇದೇನ್ ಪಾತ್ರೆ ಅಂಗಡಿ ಅಲ್ರೀ" ಎಂದು ನಕ್ಕುಬಿಟ್ಟರು.

ತಲೆಯಾಡಿಸಿ ಬಂದೆ. ಆದರೆ ಹದಿನೈದು ವರ್ಷ ನುಂಗಿದ ಮಾತ್ರೆ ಒಂದೇ ಗೀಟಿಗೆ ಬೇಡವಾಗುವುದೆಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಅವರು ಹೇಳಿದ ಎರಡನ್ನು ಬಿಡುವುದು, ಒಂದನ್ನು ನಾನು ಉಳಿಸಿಕೊಳ್ಳುವುದು ಎಂದು ನನ್ನಷ್ಟಕ್ಕೆ ನಾನೇ ವ್ಯಾಪಾರ ಕುದುರಿಸಿಕೊಂಡೆ. ಹೆಂಡತಿ ಪದ್ಮಳ ಕಣ್ಣಿಗೆ ಬೀಳಬಾರದೆಂದು ಶುಗರ್ ಮಾತ್ರೆಯ ಶೀಟನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೆ. ದಿನಾ ಬೆಳಿಗ್ಗೆ ಕಾಫಿಯ ಜೊತೆ, "ಶಕ್ತಿಗೆ ವಿಟಮಿನ್ ಅವ್ವ" ಎಂದು ಕೊಟ್ಟೆ.

ಶ್ರಾವಣ ಶನಿವಾರ ಬಂತು. ನಮ್ಮ ಮನೆಯಲ್ಲಿ ಶ್ರಾವಣದ ಶನಿವಾರಗಳಲ್ಲಿ ಒಪ್ಪತ್ತು. ಪೂಜೆ ಮುಗಿದು ಎಡೆ ಇಟ್ಟ ಮೇಲೆ, ಮಧ್ಯಾಹ್ನವೇ ಊಟ. ಯಾರು ಹೇಳಿದರೂ ಅವ್ವ ಅದನ್ನು ಬಿಟ್ಟವಳಲ್ಲ. ನನಗೆ ಒಪ್ಪತ್ತು ನೆನಪಿತ್ತು, ಮಾತ್ರೆಯೂ ನೆನಪಿತ್ತು. ಎರಡನ್ನೂ ಸೇರಿಸಿ ಯೋಚಿಸಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಕುಕ್ಕರ್ ನೋಡುತ್ತಿದ್ದರು. ಅವ್ವ ಇದ್ದಕ್ಕಿದ್ದಂತೆ ನನ್ನನ್ನು ಸತ್ತುಹೋದ ನಮ್ಮ ಸೋದರಮಾವನ ಹೆಸರು ಹಿಡಿದು ಕರೆದಳು. "ದನ ಒಳಿಕ್ ಕಟ್ಟೋ" ಎಂದಳು. ನಾನು ತಮಾಷೆ ಎಂದುಕೊಂಡೆ. "ರೀ, ನಿಮ್ ತಾಯಿ ನೋಡ್ರೀ!" ಎಂದು ಆ ಹೆಂಗಸು ಕಿರುಚಿದರು. ಅವ್ವನ ಸೀರೆ ಬೆವರಿನಲ್ಲಿ ತೊಯ್ದಿತ್ತು. ಕುರ್ಚಿಯಿಂದ ಜಾರಿ ಪಾತ್ರೆಗಳ ಮೇಲೆ ಬಿದ್ದಳು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಲಕ್ವ ಹೊಡೆದಿದೆ ಎಂದುಕೊಂಡು ಆಟೋದಲ್ಲಿ ಹಾಕಿಕೊಂಡು ಓಡಿದೆ. ಪದ್ಮ ಮನೆಯಿಂದ ಓಡಿ ಬಂದಳು. ಅದೇ ಮೇಡಂ ಬೆರಳು ಚುಚ್ಚಿ ನೋಡಿದರು. ಶುಗರ್ ಮೂವತ್ತೊಂದು. ಕೂಡಲೇ ಗ್ಲೂಕೋಸ್ ಏರಿಸಿದರು. ಸೂಜಿ ಹಾಕುತ್ತಲೇ, "ಶುಗರ್ ಮಾತ್ರೆ ನಿಲ್ಲಿಸಿದ್ರಿ ತಾನೇ?" ಎಂದು ಕೇಳಿದರು.

"ಅವತ್ತೇ ನಿಲ್ಲಿಸಿದ್ವಿ ಮೇಡಂ" ಎಂದೆ. ಅಂಥ ಹೊತ್ತಿನಲ್ಲೂ ಸುಳ್ಳು ಹೇಳಿದೆ.

ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು. ಮೇಡಂ ಬಗ್ಗಿ, "ಅಜ್ಜಿ, ಬೆಳಿಗ್ಗೆ ಏನೇನ್ ತಗೊಂಡ್ರಿ?" ಎಂದರು.

"ಏನೂ ಇಲ್ಲವ್ವ, ಒಪ್ಪತ್ತು. ಕಾಪಿ ಜೊತೆ ವಿಟಮಿನ್ ಮಾತ್ರೆ, ಅಷ್ಟೇಯ. ನನ್ ಮಗ ಒಂದಿನಾನೂ ತಪ್ಪುಸಕಿಲ್ಲ, ಕೈಯಾರೆ ಕೊಡ್ತಾನೆ" ಎಂದಳು. ಹೆಮ್ಮೆಯಿಂದ ಹೇಳಿದಳು.

ಮೇಡಂ ನನ್ನತ್ತ ತಿರುಗಿ ಸುಮ್ಮನೆ ಅಂಗೈ ಚಾಚಿದರು. ಜೇಬಿನಿಂದ ಶೀಟು ತೆಗೆದು ಅದರ ಮೇಲಿಟ್ಟೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಈ ಮಾತ್ರೆ ಇಷ್ಟಕ್ಕೇ ಬಿಡಲ್ಲ, ಮತ್ತೆ ಶುಗರ್ ಇಳೀಬಹುದು. ನಾಳೆವರೆಗೂ ಇಲ್ಲೇ ಇರಲಿ" ಎಂದಷ್ಟೇ ಹೇಳಿ ಹೊರಟರು. ಬೈಗುಳದ ಪಾಲು ಪದ್ಮ ವಹಿಸಿಕೊಂಡಳು: "ಗಿರಾಕಿ ಹತ್ರ ಗೆದ್ದು ಗೆದ್ದು ಅಭ್ಯಾಸ ನಿಮ್ಗೆ. ಡಾಕ್ಟ್ರ ಹತ್ರ ಗೆದ್ದು ಏನ್ ತಂದ್ರಿ ಮನೆಗೆ?"

ಸಂಜೆ ಅವ್ವನ ಮುಂದೆ ಒಪ್ಪಿಕೊಂಡೆ. "ಅದು ವಿಟಮಿನ್ ಅಲ್ಲ ಅವ್ವ. ಅವರು ಬೇಡ ಅಂದಿದ್ದ ಶುಗರ್ ಮಾತ್ರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಸಾಯ್ಲಿ ಅಂತ ಕೊಟ್ಯಾ? ಇಲ್ಲ ತಾನೇ. ಬುಡು" ಎಂದಳು. ಆಮೇಲೆ, "ಇವತ್ತು ಆ ಕುಕ್ಕರ್ ಓಯ್ತಾ?" ಎಂದು ಕೇಳಿದಳು.

ಮನೆಯಲ್ಲಿ ವಯಸ್ಸಾದವರಿರುವವರಿಗೆ ನಾನು ಹೇಳುವುದಿಷ್ಟು. ವರ್ಷಕ್ಕೊಮ್ಮೆಯಾದರೂ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತುಂಬಿಕೊಂಡು ಹೋಗಿ, ಯಾವುದು ಈಗಲೂ ಬೇಕು ಎಂದು ಡಾಕ್ಟರನ್ನೇ ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಅವರು ನಿಲ್ಲಿಸಿದ್ದರ ಮೇಲೆ ಅನುಮಾನ ಬಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ, ನನ್ನಂತೆ ಜೇಬಿನಲ್ಲಿಟ್ಟುಕೊಳ್ಳಬೇಡಿ. ಉಪವಾಸ, ಒಪ್ಪತ್ತು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಅವ್ವನ ತಲೆಸುತ್ತು ನಿಂತಿದೆ. ಈಗಲೂ ಬೋಣಿ ಅವಳದೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಬೀದಿ ನೋಡುತ್ತಲೇ ನನ್ನತ್ತ ಅಂಗೈ ಚಾಚುತ್ತಾಳೆ. ಚೀಟಿಯನ್ನು ಎರಡು ಸಲ ಓದಿ ಮಾತ್ರೆ ಇಡುತ್ತೇನೆ. ಯಾವುದಿದು ಎಂದು ಕೇಳಲಿ ಎಂದು ಒಂದು ಗಳಿಗೆ ಕಾಯುತ್ತೇನೆ. ಇವತ್ತಿನವರೆಗೂ ಅವಳು ಕೇಳಿಲ್ಲ.