ಹೊರಗಿನ ಓಟ

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ದಾವಣಗೆರೆಯಲ್ಲಿ ಸ್ಪ್ಯಾನರ್ ಹಿಡಿದ ಕೈ ಇವತ್ತು ಅಮೆರಿಕದ ಕ್ಯಾಂಟನ್‌ನಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಿದೆ. ಯಾರ ಶಿಫಾರಸನ್ನೂ ಕೇಳಿದವನಲ್ಲ.

ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಇಲ್ಲಿನ ಫುಟ್‌ಬಾಲ್ ಆಡುತ್ತಿದ್ದ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವವನು. ಒಂದು ಶನಿವಾರ ಗ್ಯಾರೇಜಿಗೆ ಬಂದವನು ಚಕ್ರದ ನಟ್ಟುಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟು, ಮೈದಾನದ ಅಂಚಿನ ಕಡೆ ಓಡುವ ಎರಡು ಬಗೆ ತೋರಿಸಿದ. ಒಂದು ಟಾಸ್. ಚೆಂಡನ್ನು ಪಕ್ಕಕ್ಕೆ ಎಸೆಯುತ್ತಾರೆ. ಹಿಡಿದವನು ಒಂದೇ ಉಸಿರಿಗೆ ಅಂಚಿಗೆ ಓಡಬೇಕು. ಇನ್ನೊಂದು ಸ್ಟ್ರೆಚ್. ಎದುರಾಳಿಗಳನ್ನು ಅಡ್ಡಗಟ್ಟುವ ನಮ್ಮವರೆಲ್ಲ ಒಂದೇ ಕಡೆಗೆ ಸರಿಯುತ್ತಾರೆ. ಓಡುವವನು ಅವರ ಹಿಂದೆಯೇ ಅಂಚಿನ ಕಡೆ ಸಾಗುತ್ತ, ಸಂದು ಕಂಡಲ್ಲಿ ಒಳಕ್ಕೆ ತಿರುಗಬೇಕು.

“ಕಾಯ್ತಾ ನಿಂತ್ರೆ ಹಿಡ್ಕೊಳಲ್ವೇನೋ ಅವ್ರು?”

“ಇಟ್ಸ್ ನಾಟ್ ವೇಟಿಂಗ್, ಅಪ್ಪ. ಯೂ ರೀಡ್ ಇಟ್.”

“ಓದೋದಾ? ಅದು ನಮ್ ವಂಶಕ್ಕೇ ಆಗಿ ಬಂದಿಲ್ಲ ಬಿಡು.”

ಇಬ್ಬರೂ ನಕ್ಕೆವು. ಆದರೆ ನನ್ನ ಮನಸ್ಸು ಟಾಸ್‌ನ ಕಡೆಗೇ. ಸಂದು ಹುಡುಕುವುದು ಜಾಣರ ಕೆಲಸ. ನಾನು ಓಡಿ ಬದುಕಿದವನು. ಅವನ ಕೋಚ್ ಹೆಚ್ಚಾಗಿ ಸ್ಟ್ರೆಚ್ ಆಡಿಸುತ್ತಿದ್ದುದು ನನಗೆ ಹಿಡಿಸುತ್ತಿರಲಿಲ್ಲ.

ಶುಕ್ರವಾರ ಸಂಜೆಯ ಮ್ಯಾಚುಗಳಲ್ಲಿ ನಾನು ಬೇಲಿಗೆ ಆತು ನಿಂತು ಕನ್ನಡದಲ್ಲಿ ಕೂಗುತ್ತಿದ್ದೆ. ಎದುರಾಳಿಗಳಿಗೆ ಅರ್ಥವಾಗದು, ಮಗನಿಗೆ ಆಗುತ್ತದೆ. “ಎಡಗಡೆ ದಪ್ಪನೋನಿಗೆ ಸುಸ್ತಾಗಿದೆ, ಆ ಕಡೆ ಹೋಗು!” ಎಂದರೆ ಅವನು ಆ ಕಡೆಯೇ ಹೋಗುತ್ತಿದ್ದ. ನಮ್ಮ ಬಡಾವಣೆಯಲ್ಲಿರುವ ಮೈಸೂರಿನ ಹುಡುಗನೊಬ್ಬ, ಸಾಫ್ಟ್‌ವೇರಿನವನು, ನನ್ನ ಬೆನ್ನು ತಟ್ಟಿದ್ದ: “ಅಂಕಲ್, ಕೋಚ್‌ಗೆ ಸಂಬಳ ಯಾಕೆ ಕೊಡ್ತಾರೆ? ನೀವೊಬ್ರು ಸಾಕು ಬಿಡಿ!” ಎದೆ ಉಬ್ಬಿತ್ತು, ಸುಳ್ಳು ಹೇಳಲಾರೆ.

ಅಕ್ಟೋಬರಿನ ಆ ಸಂಜೆ ಆಡಿದ್ದು ಸ್ಟ್ರೆಚ್. ಚೆಂಡು ಮಗನ ಕೈಗೆ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಖಾಲಿ ಅಂಚು ಮಾತ್ರ.

“ಹೊರಗೆ! ಹೊರಗೆ ಓಡೋ!”

ಒಳಕ್ಕೆ ತಿರುಗಲು ಊರಿದ್ದ ಎಡಗಾಲನ್ನು ಅವನು ಕೀಳಲು ಹೋದ. ಅದು ಒದ್ದೆ ನೆಲದಲ್ಲಿ ಇನ್ನೂ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಅಂಚಿನಿಂದ ಇಬ್ಬರು ಬಂದು ಅವನ ಮೇಲೆ ಬಿದ್ದರು. ಮೊಣಕಾಲಿನ ಸದ್ದು ನನಗೆ ಕೇಳಿಸಲಿಲ್ಲ. ಜನರ ಗದ್ದಲ ನಿಂತದ್ದು ಕೇಳಿಸಿತು.

ಅದೆಲ್ಲ ಹೆಂಡತಿ ಫೋನಿನಲ್ಲಿ ತೆಗೆದ ವಿಡಿಯೊದಲ್ಲಿದೆ, ನನ್ನ ದನಿಯೂ ಸೇರಿ. ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಒಳಗೆ ಸಂದು ಬಿಟ್ಟಿದೆ. ಕನ್ನಡಿ ತಾಗದಂತೆ ವ್ಯಾನ್ ನುಗ್ಗಿಸಬಹುದು, ಅಷ್ಟು ಅಗಲ. ಕಾಲು ಮೊದಲು ಕದಲಿತೆ, ನನ್ನ ಕೂಗು ಮೊದಲೆ? ಕಾಲೇ ಮೊದಲು ಎಂದುಕೊಂಡು ನೋಡಲು ಕೂರುತ್ತೇನೆ. ಪ್ರತಿ ಸಲವೂ ಕೂಗೇ ಮೊದಲು.

ಆಪರೇಷನ್ ಆಯಿತು. ಕೋಚ್ ಮನೆಗೆ ಬಂದು, ಇಂಥದ್ದೆಲ್ಲ ಆಗುತ್ತದೆ ಎಂದು ನನ್ನ ಕೈ ಕುಲುಕಿ ಹೋದ. ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಗನ್ನಿನ ಸದ್ದು ನಿಂತ ಕೂಡಲೇ ಆ ನಿಶ್ಶಬ್ದದಲ್ಲಿ ಯಾರೋ “ಹೊರಗೆ” ಎನ್ನುತ್ತಾರೆ. ದನಿ ನನ್ನದೇ. ತಿರುಗಿ ನೋಡುವುದನ್ನು ಈಗ ಬಿಟ್ಟಿದ್ದೇನೆ.

ಕಳೆದ ತಿಂಗಳು ಅರೋರಾದ ದೇವಸ್ಥಾನಕ್ಕೆ ಹೋಗಿ ವಾಪಸ್ ಡ್ರೈವ್ ಮಾಡುತ್ತಿದ್ದೆವು, ಅಪ್ಪ ಮಗ ಇಬ್ಬರೇ. ರಸ್ತೆ ನೋಡುತ್ತಲೇ ಕೇಳಿದೆ: “ಅವತ್ತು ನಾನು ಕೂಗಿದ್ದು ನಿಂಗೆ ಕೇಳಿಸ್ತೇನೋ?”

ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವವನು ಕನ್ನಡದಲ್ಲಿ ಹೇಳಿದ: “ಇಲ್ಲಪ್ಪ. ಹೆಲ್ಮೆಟ್ ಹಾಕ್ಕೊಂಡ್ರೆ ಏನೂ ಕೇಳ್ಸಲ್ಲ.”

ಅದಕ್ಕೆ ಮುಂಚಿನ ಎಲ್ಲ ಮ್ಯಾಚುಗಳಲ್ಲೂ ಅವನಿಗೆ ಕೇಳಿಸಿತ್ತು. ನಾನು ಮತ್ತೆ ಕೇಳಲಿಲ್ಲ.

ಈಗ ನನಗಿರುವುದು ಕಾರು ಎತ್ತುವ ಎರಡು ಲಿಫ್ಟಿನ ಗ್ಯಾರೇಜು, ಮೂರು ಬೆಡ್‌ರೂಮಿನ ಮನೆ, ಹೆಂಡತಿ, ಒಬ್ಬ ಮಗ. ಅವನ ಎಡ ಮೊಣಕಾಲಿನಲ್ಲಿ ಎರಡು ಸ್ಕ್ರೂ.